ಹುಣಸಿಹಣ್ಣು ಹಚ್ಚಿ ತಿಕ್ಕಿದ ರೆಸೊನೇಟರ್

ತಾಮ್ರ ತಿಕ್ಕೂದರಾಗ ಇಳಕಲ್ಲಿನಿಂದ ಬಾಗಲಕೋಟಿತನಕ ನನಗ ಸರಿಸಾಟಿ ಯಾರೂ ಇಲ್ಲ. ಸಾಲಿ ಎರಡನೇತ್ತೆಕ್ಕ ಬಿಟ್ಟಿದ್ದು ಬ್ಯಾರೆ ಮಾತು.

ಮೊಮ್ಮಗಳು ಗಂಗಾ ವಿದ್ಯಾಗಿರಿ ಕಾಲೇಜಿನೊಳಗ ಸಂಶೋಧನಾ ಮಾಡ್ತಾಳ. ಒಂದಿನ ಲೇತ್ ಅಂಗಡಿಯಿಂದ ಎರಡು ತಾಮ್ರದ ತಾಟು ತಂದಳು. ಅಂಗೈಯಷ್ಟು ಅಗಲ, ನಡುವ ತುಸು ತಗ್ಗು.

"ಆಯಿ, ಇವು ರೆಸೊನೇಟರಿನ ಕನ್ನಡಿ. ಎದರಾಬದರಾ ಇಟ್ಟರ ನಡುವ ಅಲಿ ಪುಟದಾಡ್ತದ. ನಾಳಿ ಪರೀಕ್ಷಾದಾಗ ಪಾಸಾದರ ಫ್ರೀ ಎಲೆಕ್ಟ್ರಾನ್ ಲೇಸರ್ ಅನ್ನೂ ದೊಡ್ಡ ಬೆಳಕಿನ ಯಂತ್ರಕ್ಕ ಕೂಡಸ್ತಾರ. ಮುಟ್ಟಬ್ಯಾಡ!"

"ಎಲ್ಲಿ ಅಲಿ? ಘಟಪ್ರಭಾ ಹೊಳಿದ್ದೇನು?"

"ಕಣ್ಣಿಗೆ ಕಾಣೂದಿಲ್ಲ. ಮಿಲಿಮೀಟರಿನಷ್ಟು ಗಿಡ್ಡ."

ಅಕಿ ಜಳಕಕ್ಕ ಹೋದಳು. ನಾ ನೋಡಿದೆ. ಒಂದು ತಾಟಿನ ಮ್ಯಾಲೆ ಕಪ್ಪು ಕಲಿ! ಪರೀಕ್ಷಾಕ್ಕ ಹಿಂಥಾದ್ದು ಒಯ್ದರ ಮಂದಿ ಏನಂದಾರು? ಮನ್ಯಾಗ ಹೆಣ್ಣಮಕ್ಕಳಿಲ್ಲೇನು ಅಂದಾರು!

ಹುಣಸಿಹಣ್ಣು, ಉಪ್ಪು, ಬೂದಿ, ತೆಂಗಿನ ನಾರು. ಶಾಸ್ತ್ರೋಕ್ತವಾಗಿ ತಿಕ್ಕಿದೆ. ಫಳಫಳ!

ಆಗ ನಡುವ ಒಂದು ಸಣ್ಣ ತೂತು ಕಂಡಿತು. ತೂತಿನ ಪಾತ್ರಿ ಮನಿಗೆ ದರಿದ್ರ. ಹಣಿಗೆ ಕುಂಕುಮ ಇಡೂ ಮುಂದ ಹಚ್ಚೂ ಮೇಣ ಇತ್ತಲ್ಲ, ಒತ್ತಿ ತುಂಬಿದೆ. ಮ್ಯಾಲೆ ಚೂರು ಕುಂಕುಮಾನೂ ಇಟ್ಟೆ. ಒರಸಿ, ಅಕಿ ಡಬ್ಬಿಯೊಳಗ ಹಂಗ ಇಟ್ಟುಬಿಟ್ಟೆ.

ಮರುದಿನ ನನ್ನ ಕೈಚಳಕ ನೋಡಾಕ ಅಕಿ ಕಾಲೇಜಿಗೆ ನಾನೂ ಹೋದೆ.

ಕನ್ನಡಿ ನಡುವ ಅಲಿ ಪುಟದರ ಪರದೆ ಮ್ಯಾಲೆ ಸೂಜಿಯಂಗ ಗೆರಿ ಏಳಬೇಕಂತ. ಏಳಲಿಲ್ಲ. ರೊಟ್ಟಿಯಂಗ ಮಲಗಿತ್ತು. ಗಂಗಾನ ಮಾಸ್ತರು ತಿರುಪು ತಿರುವಿದರು, ವೈರ್ ಬದಲಿಸಿದರು.

ಮಾಸ್ತರು ಕನ್ನಡಿ ಬಿಚ್ಚಿದರು. "ಅಲಿ ಒಳಗ ಹೋಗೂ ಬಾಗಲಕ್ಕ ಮೇಣ ಬಡದದ! ಕೆಂಪು ಮೇಣ!"

ಎಲ್ಲಾರ ಕಣ್ಣು ಒಮ್ಮಿಗೇ ನನ್ನ ಹಣಿ ಮ್ಯಾಲೆ ಬಿದ್ದವು.

ಮೇಣ ತೆಗೆದರು. ಗೆರಿ ಎದ್ದಿತು. ಸೂಜಿಯಂಗಲ್ಲ, ನನ್ನಂಗ, ಗಿಡ್ಡ ಮತ್ತ ದಪ್ಪ!

"ತಿಕ್ಕಿ ಗೀರು ಬಿದ್ದಾವ. ಅಲಿ ಪುಟಿಯೂದಿಲ್ಲ, ಸತ್ತು ಹೋಗ್ತದ," ಅಂದರು ಮಾಸ್ತರು. "ಆಯಿ, ಇದಕ್ಕ ಏನು ಹಚ್ಚೀರಿ?"

"ಹುಣಸಿಹಣ್ಣು," ಅಂದೆ. "ಹೊಸಾದು."

ಗಂಗಾ ಅಳಲಿಲ್ಲ. ಅತ್ತಿದ್ದರ ಚಲೋ ಇತ್ತು. ಎರಡು ವರ್ಷದ ದುಡಿತ ನನ್ನ ನಾರಿನಾಗ ಹೋಗಿತ್ತು. ಮಾಸ್ತರು ಹೊರಗ ಹೋಗಿ, ಲೇಸರಿನವರಿಗೆ ಫೋನ್ ಹಚ್ಚಿ, ಹಲ್ಲು ಕಿಸಿದು ಒಂದು ತಿಂಗಳ ವಾಯ್ದೆ ತಂದರು.

ಹೊಸ ಕನ್ನಡಿ ಆತು. ನನ್ನ ಕಣ್ಣಿಗೆ ಬೀಳಲಾರದಂಗ ಲೇತಿನಿಂದ ಸೀದಾ ಪರೀಕ್ಷಾಕ್ಕ ಹೋತು. ಸಂಜಿಮುಂದ ಗಂಗಾ ಫೋನ್ ಮಾಡಿದಳು. "ಆಯಿ, ಸೂಜಿ ಎದ್ದಿತು!"

"ತಿಕ್ಕಿದ್ದು ಯಾರು?"

"ಯಾರೂ ತಿಕ್ಕಿಲ್ಲ. ಅದಕ್ಕ ಎದ್ದದ."

ಹಳೀ ಕನ್ನಡಿ ನನಗ ಕೊಟ್ಟಾಳ. ದೇವರ ಮುಂದ ಹಿಡಿದು ತೀರ್ಥ ಸುರುವಿದೆ. ತೂತಿನಿಂದ ಸೋರಿ ನನ್ನ ಕಾಲಿಗೇ ಅಭಿಷೇಕ ಆತು!