ಲಂಡನ್ನಿನ ಚಳಿಗೆ ಸಿಂಧನೂರಿನ ತಾಲೀಮು

ಜಂಬಣ್ಣ ಕೇಳಿದ್ದು ಒಂದೇ ಪ್ರಶ್ನೆ. ಅದನ್ನೂ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಸುಮ್ಮನೆ ಮಾತಿಗೆಂದು ಕೇಳಿದ್ದ.

"ಅಲ್ಲೋ ಕನಕರಾಯ, ಅಕ್ಟೋಬರ್ ತಿಂಗಳಾಗ ಲಂಡನ್ ಕಡೆ ಚಳಿ ಎಷ್ಟಿರ್ತೈತಿ?"

ಕನಕರಾಯ ನಿವೃತ್ತ ಬಸ್ ಕಂಡಕ್ಟರ್. ಸರ್ವೀಸಿನುದ್ದಕ್ಕೂ ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗಿ ಬಂದವನು. ಅದರಾಚೆಗೆ ಟಿಕೆಟ್ ಹರಿದವನಲ್ಲ. ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಅವನಿಗಿರಲಿಲ್ಲ.

"ಬಾಯಾಗಿನ ಮಾತು ಹೊರಗ ಬರೂದ್ರಾಗ ಬರ್ಫ ಆಗ್ತೈತಿ" ಎಂದ. "ಯಾಕ, ನೀ ಹೊಂಟೀಯೇನು?"

ಹೊರಡುವುದು ಇನ್ನೂ ಖಾತ್ರಿಯಾಗಿರಲಿಲ್ಲ. ಜಂಬಣ್ಣನದು ಗೊಬ್ಬರ, ಕೀಟನಾಶಕದ ಅಂಗಡಿ. ಭತ್ತದ ಹುಳಕ್ಕೆ ಹೊಡೆಯುವ ಒಂದು ಕಂಪನಿಯ ಔಷಧವನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಯಾರು ಹೆಚ್ಚು ಮಾರುತ್ತಾರೋ ಆ ಒಬ್ಬನಿಗೆ ಲಂಡನ್, ಪ್ಯಾರಿಸ್, ರೋಮ್ ಪ್ರವಾಸ. ತೋರಿಸಿಕೊಂಡು ಬರಲು ಗೈಡು ಬೇರೆ. ಅದು ೧೯೯೪ರ ಸೆಪ್ಟೆಂಬರಿನ ಕೊನೆಯ ದಿನ, ಸ್ಪರ್ಧೆಗೂ ಕೊನೆಯ ದಿನ. ಸಂಜೆ ಕಂಪನಿಯ ಆಫೀಸರ್ ಬಂದು ಲೆಕ್ಕ ನೋಡಿ ಹೆಸರು ಹೇಳುವವನಿದ್ದ. ಜಂಬಣ್ಣ ಮುಂದಿದ್ದ, ಅವನ ಬೆನ್ನಿಗೇ ಎದುರಂಗಡಿಯ ಬಸವಂತರಾಯನಿದ್ದ. "ಒಂದು ಸ್ವೆಟರ್, ಒಂದು ಕೊಡೆ, ನಡೆಯೋಕೆ ಗಟ್ಟಿ ಬೂಟು ತಗೊಳ್ಳಿ, ಸಾಕು" ಎಂದು ಆಫೀಸರ್ ಹಿಂದಿನ ದಿನವೇ ಹೇಳಿದ್ದ. ಅಷ್ಟನ್ನು ನಂಬಿಕೊಂಡು ಜಂಬಣ್ಣ ಸುಮ್ಮನೆ ಚಹಾ ಕುಡಿಯಬಹುದಿತ್ತು.

ಅವನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಸುದ್ದಿ ಊರಿಗೆಲ್ಲ ಮುಟ್ಟಿತ್ತು. ಮೊದಲು ಬಂದವಳು ದೊಡ್ಡವ್ವ ಶಿವಬಸಮ್ಮ. ಹೆಗಲ ಮೇಲೆ ಕರಿ ಕಂಬಳಿ.

"ಕೇದಾರಕ್ಕ ಹೋದಾಗ ನಮ್ಮ ಜೋಡಿ ಬಂದವರೆಲ್ಲ ಗಡಗಡ ನಡುಗಿದ್ರು. ನಾ ಹಂಗ ಕುಂತಿದ್ದೆ, ಬಂಡಿಗಲ್ಲಿನಂಗ. ಈ ಕಂಬಳಿ ಪುಣ್ಯ ಅದು. ಹೊದ್ದುಕೋ."

"ದೊಡ್ಡವ್ವ, ಇಲ್ಲಿ ಬಿಸಿಲಿಗೆ ಡಾಂಬರ್ ಕರಗಾಕತ್ತೈತಿ."

"ಇಲ್ಲಿ ರೂಢಿ ಮಾಡ್ಕೊಂಡ್ರ ಅಲ್ಲಿ ತಡಕೋತೀಯಪ್ಪ. ಹೊದ್ಕೊ ಅಂದ್ನೆಲ್ಲ."

ಹೊದ್ದುಕೊಂಡ. ದೊಡ್ಡವ್ವನ ಮಾತು ಮೀರಿದರೆ ಅವಳು ಅಲ್ಲೇ ಅಳಲು ಕೂರುತ್ತಿದ್ದಳು.

ಅಷ್ಟರಲ್ಲಿ ಬಟ್ಟೆ ಅಂಗಡಿಯ ಹಾಜಿಸಾಬ ಬಂದ. ಕಂಬಳಿ ನೋಡಿ ಅವನ ಮುಖ ಕೆಂಪಗಾಯಿತು.

"ಯಾರ್ರಿ ಇದನ್ನ ಹೊದಿಸಿದವ್ರು? ಮನಿಷ್ಯಾನ್ನ ಕೊಲ್ತೀರೇನು? ಈ ಓಣ್ಯಾಗ ಸಮುದ್ರ ದಾಟಿದವ ನಾ ಒಬ್ಬನ. ಫಾರಿನ್ ಅಂದ್ರ ಬಿಸಿಲು. ತಲಿಮ್ಯಾಲೆ ಹಸಿ ಟವಲ್ ಬೇಕು, ಹೆಜ್ಜಿಗೊಮ್ಮೆ ನೀರು ಬೇಕು."

"ಹಾಜಿಸಾಬ್ರ, ನೀವು ಹೋಗಿದ್ದು ಅರಬಸ್ತಾನ. ಇದು ಲಂಡನ್."

"ಎರಡಕ್ಕೂ ಬೊಂಬಾಯಾಗನ ವಿಮಾನ ಹತ್ತಬೇಕಿಲ್ಲೋ? ಮತ್ತ?"

ಓಣಿ ಎರಡು ಪಾರ್ಟಿಯಾಯಿತು. ಬೆಂಚಿನ ಮೇಲೆ ಚಳಿಯವರು, ಗೊಬ್ಬರದ ಚೀಲಗಳ ಮೇಲೆ ಬಿಸಿಲಿನವರು. ಕೊನೆಗೆ ಹಿರಿಯರು ರಾಜಿ ಮಾಡಿಸಿದರು: ಮೈಗೆ ಕಂಬಳಿ, ತಲೆಗೆ ಹಸಿ ಟವಲ್. ಜಂಬಣ್ಣ ಗಲ್ಲಾದ ಮೇಲೆ, ಅರ್ಧ ಬೆಂದು ಅರ್ಧ ನೆನೆದ ಶೇಂಗಾಕಾಯಿಯಂತೆ ಕುಳಿತ. ವ್ಯಾಪಾರಕ್ಕೆ ಬಂದವರಿಗೆ ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಮೆಟ್ಟಿಲ ಮೇಲೆ ಕೆಸರುಗಾಲಿನ ನಾಲ್ಕಾರು ಜನ ಬಹಳ ಹೊತ್ತಿನಿಂದ ನಿಂತಿದ್ದರು. ಅವರೂ ತಮಾಷೆ ನೋಡಲು ಬಂದವರೆಂದೇ ತಿಳಿದು ಜಂಬಣ್ಣ ಹಲ್ಲು ಕಡಿದ.

ಮಧ್ಯಾಹ್ನಕ್ಕೆ ಕನಕರಾಯ ಸೈಕಲ್ಲಿನ ಹಿಂದೆ ಗೋಣಿಚೀಲ ಹೊದಿಸಿದ ಏನನ್ನೋ ಹೇರಿಕೊಂಡು ಬಂದ. ಬಿಚ್ಚಿದರೆ ಬರ್ಫಿನ ಗಡ್ಡೆ.

"ಬರೇ ಮಾತ್ಯಾಕ?" ಎಂದ. "ಐಸ್ ಫ್ಯಾಕ್ಟರಿಯಿಂದ ಈಗ ತಂದೀನಿ. ಚಪ್ಪಲಿ ಬಿಟ್ಟು ಇದರ ಮ್ಯಾಲೆ ನಿಂದ್ರು ಜಂಬಣ್ಣ. ಇಲ್ಲೇ ಪರೀಕ್ಷಾ ಆಗ್ಲಿ. ತಡಕೊಂಡ್ರ ಲಂಡನ್, ಇಲ್ಲಂದ್ರ ಇಲ್ಲ."

"ಲೇ, ನಾ ಯಾಕ ನಿಂದ್ರಲಿ?"

"ನಾಳೆ ಅಲ್ಲಿ ಹೋಗಿ ಬಿದ್ರ, ಹೆಸರು ಕೆಡೋದು ನಿಂದಲ್ಲ, ಸಿಂಧನೂರಿಂದು."

ಊರಿನ ಹೆಸರೆಂದ ಮೇಲೆ ಎರಡೂ ಪಾರ್ಟಿಗಳು ಒಂದಾದವು. ನಾಲ್ಕು ಜನ ರಟ್ಟೆ ಹಿಡಿದು ನಿಲ್ಲಿಸಿದರು. ಜಂಬಣ್ಣ ಬರ್ಫಿನ ಮೇಲೆ ನಿಂತ. ನಿಂತದ್ದು ಎಷ್ಟು ಹೊತ್ತು ಎನ್ನುವುದರ ಬಗ್ಗೆ ಊರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅಂಗಾಲು ಮೊದಲು ಉರಿಯಿತು, ಆಮೇಲೆ ತನ್ನದೇ ಅಲ್ಲವೆನಿಸಿತು. ಕೆಳಗೆ ಕರಗಿದ ನೀರು ಯೂರಿಯಾ ಚೀಲಗಳ ಕಡೆಗೆ ಹರಿಯತೊಡಗಿತು.

"ಮಾರಿ ನೀಲಿ ಆಗಾಕತ್ತೈತಿ" ಎಂದಳು ಶಿವಬಸಮ್ಮ. "ಇನ್ನೊಂದು ಕಂಬಳಿ ತರಲೇನು?"

"ಟವಲ್ ಒಣಗೈತಿ, ಅದಕ್ಕ" ಎಂದ ಹಾಜಿಸಾಬ.

ಆಗ ಮೆಟ್ಟಿಲ ಮೇಲಿದ್ದ ಕೆಸರುಗಾಲಿನವರಲ್ಲಿ ಹಿರಿಯನೊಬ್ಬ ಕೈಮುಗಿದು ಮುಂದೆ ಬಂದ. "ಜಂಬಣ್ಣಾರ, ನಂದೊಂದು ಮಾತಿತ್ತು..."

ಜಂಬಣ್ಣನ ಸಹನೆ ಅಲ್ಲಿಗೆ ಮುಗಿಯಿತು. ಬರ್ಫಿನಿಂದ ಕೆಳಗೆ ಹಾರಿ ಕಂಬಳಿ ಒಗೆದ.

"ನಿಂದೂ ಒಂದೈತೇನು? ರಾಯಚೂರು ದಾಟಿ ಚಳಿ ಕಂಡೀಯೇನು ನೀ? ನಿಮ್ಮಾಗ ಯಾರರ ಕಂಡೀರೇನು? ನಾ ಹೋಗಾಂವ, ನಾ ನಡಗಾಂವ, ನಿಮಗೇನ್ರಿ ಉರಿ? ಏಳ್ರಿ ಎಲ್ಲಾರೂ. ಬುದ್ಧಿ ಹೇಳೂ ತುರಿಕಿ ಅಷ್ಟು ಇದ್ರ ಎದುರಂಗಡಿಗೆ ಹೋಗ್ರಿ. ಬಸವಂತರಾಯ ಖಾಲಿ ಕುಂತಾನ."

ಒಬ್ಬೊಬ್ಬರನ್ನೇ ಹೊರದೂಡಿ ಶಟರನ್ನು ಧಡಾರೆಂದು ಎಳೆದ. ಹೊರಗಿನಿಂದ ಯಾರೋ ಬಡಿದರು. ತೆಗೆಯಲಿಲ್ಲ. ಮತ್ತೆ ಬಡಿದರು. "ಸತ್ರೂ ತಗಿಯಂಗಿಲ್ಲ" ಎಂದು ಒಳಗಿನಿಂದಲೇ ಕೂಗಿದ. ಬಡಿಯುವುದು ನಿಂತಿತು. ಕತ್ತಲ ಅಂಗಡಿಯಲ್ಲಿ ಕಾಲು ಉಜ್ಜಿಕೊಳ್ಳುತ್ತ, ಇಡೀ ಊರನ್ನು ಬೈಯುತ್ತ ಸಂಜೆಯವರೆಗೂ ಕುಳಿತ.

ಸಂಜೆ ಆಫೀಸರನ ಜೀಪು ಬಂತು. ಜಂಬಣ್ಣ ಶಟರ್ ಎತ್ತಿದ.

"ಏನ್ರಿ ಜಂಬಣ್ಣನವರೇ, ಹೀಗಾ ಮಾಡೋದು?" ಎಂದ ಆಫೀಸರ್. "ಮುಕ್ಕುಂದದಲ್ಲಿ ಭತ್ತಕ್ಕೆ ಜಿಗಿಹುಳ ಬಿದ್ದಿದೆ. ಊರಿಗೆಲ್ಲ ಸೇರಿಸಿ ಔಷಧ ಒಯ್ಯೋಕೆ ಪಂಪಣ್ಣ ಅಂತ ಹಿರಿಯರು ಟ್ರ್ಯಾಕ್ಟರ್ ತಗೊಂಡು ನಿಮ್ಮಲ್ಲಿಗೇ ಬಂದಿದ್ರಂತೆ. ಎದುರಂಗಡಿಗೆ ಹೋಗ್ರಿ ಅಂತ ನೀವೇ ಕಳಿಸಿದ್ರಂತೆ. ಬಸವಂತರಾಯ ಗೋಡೌನ್ ಖಾಲಿ ಮಾಡಿಬಿಟ್ಟ. ಲಂಡನ್ ಸೀಟು ಅವನದು."

ಕೆಸರುಗಾಲು, ಮುಗಿದ ಕೈ, ಬಡಿದ ಶಟರು, ಎಲ್ಲ ಒಟ್ಟಿಗೇ ಜಂಬಣ್ಣನ ಕಣ್ಣ ಮುಂದೆ ಬಂದವು. ಜೀಪು ಹೋಯಿತು. ಅವನು ಮತ್ತೆ ಶಟರ್ ಎಳೆದುಕೊಂಡ.

ಸ್ವಲ್ಪ ಹೊತ್ತಿಗೆ ಹಿಂಬಾಗಿಲು ಮೆಲ್ಲಗೆ ಸದ್ದಾಯಿತು. ತೆರೆದರೆ ಬಸವಂತರಾಯ.

"ಅಣ್ಣಾ, ಒಂದೀಟು ಹೊತ್ತು ಇಲ್ಲಿ ಕುಂದ್ರತೀನಿ. ನೀ ಕಳಿಸಿದ ಮಂದಿ ನನ್ನ ಅಂಗಡ್ಯಾಗ ತುಂಬ್ಯಾರ. ಚಳಿ ಅಂತಾರ, ಬಿಸಿಲು ಅಂತಾರ, ತಲಿ ಕೆಟ್ಟೋತು."

ಅವನ ಮುಖದ ಮೇಲೆ ಬಾಗಿಲು ಬಡಿಯಬೇಕೆಂದು ಜಂಬಣ್ಣನ ಕೈ ಎದ್ದಿತು. ಆದರೆ ಆ ಅಂಜಿದ ಮುಖ ನೋಡುತ್ತಿದ್ದಂತೆ ಎದೆಯೊಳಗೆ ಏನೋ ತಡೆಯಲಾರದ್ದು ಉಕ್ಕಿತು. ಒಳಗೆ ಕರೆದು ಬೆಂಚಿನ ಮೇಲೆ ಕೂಡಿಸಿ ಪಕ್ಕದಲ್ಲೇ ಕುಳಿತ.

"ಆ ಮಂದೀಗೇನು ಗೊತ್ತೈತೋ ತಮ್ಮಾ? ಅವರ ಮಾತು ಬಿಡು, ನಾ ಹೇಳ್ತೀನಿ ಕೇಳು. ಮೊದಲನೇದ್ದು, ವಿಮಾನದಾಗ ಕಿಟಕಿ ಮಗ್ಗಲ ಕುಂದ್ರಬ್ಯಾಡ. ಕುಂತಿದ್ರೂ ಕಿಟಕಿ ತಗೀಬ್ಯಾಡ, ಮ್ಯಾಲೆ ಗಾಳಿ ಭಾಳ ತಂಪಿರ್ತೈತಿ. ಎರಡನೇದ್ದು..."

ಎರಡನೆಯದಕ್ಕೆ ಬಸವಂತರಾಯ ಎದ್ದ. ಚಪ್ಪಲಿ ಕೈಯಲ್ಲಿ ಹಿಡಿದು, ತನ್ನ ಅಂಗಡಿಯ ಗದ್ದಲದ ಕಡೆಗೇ ಓಡಿದ.