ಎರಡು ಮೈನಸ್ಸು, ಒಂದು ಮೇಷ್ಟ್ರಗಿರಿ

ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಬರುತ್ತದೆ ಅಂತ ಈ ಭೂಮಂಡಲದಲ್ಲಿ ಮೊದಲು ಕಂಡುಹಿಡಿದವನು ನಾನೇ. ಸುಳ್ಳು. ಕಳಸದ ಆಚೆ ಒಂದು ಮಿಡ್ಲ್ ಸ್ಕೂಲಿನಲ್ಲಿ ಅದನ್ನು ಕಲಿಸಲು ಹೆಣಗಿದವನು, ಅಷ್ಟೆ. ಲೆಕ್ಕ ತನ್ನ ಪಾಡಿಗೆ ಸುಮ್ಮನಿರುತ್ತದೆ. ಕಲಿಸಲು ಹೋದವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಹಿಂದಿನ ಮೇಷ್ಟ್ರು

ಆಗ ನನಗೆ ಇಪ್ಪತ್ತೆರಡು. ಕೆಲಸ ಹಂಗಾಮಿ, ಮೀಸೆಯೂ ಹಂಗಾಮಿ. ಸೇರಿದ ದಿನವೇ ಹೆಡ್‌ಮೇಷ್ಟ್ರು ಕೂರಿಸಿಕೊಂಡು ಹೇಳಿದರು: "ಮಳೆ ಬಿಟ್ಟು ದಾರಿ ಒಣಗಿದ ಮೇಲೆ ಇನ್‌ಸ್ಪೆಕ್ಟರು ಬರ್ತಾರೆ. ಮೆಚ್ಚಿದ್ರೆ ನಿಮ್ಮ ಕೆಲಸ ಖಾಯಂ, ಇಲ್ಲದಿದ್ರೆ ಟ್ರಂಕು ಕಟ್ಟಿ. ಅವರದ್ದು ಎಲ್ಲ ಕಡೆ ಒಂದೇ ಪ್ರಶ್ನೆ. ಮೈನಸ್ಸಿಗೆ ಮೈನಸ್ಸು ಗುಣಿಸಿದ್ರೆ ಪ್ಲಸ್ ಯಾಕೆ?"

"ಹಿಂದಿನ ಮೇಷ್ಟ್ರು ಏನಂದಿದ್ರು?"

"ಪುಸ್ತಕದಲ್ಲಿ ಹಾಗಿದೆ ಅಂದಿದ್ರು."

"ಈಗ ಎಲ್ಲಿದ್ದಾರೆ?"

"ಅವರ ಕುರ್ಚಿ ಮೇಲಲ್ವೇನ್ರಿ ನೀವು ಕೂತಿರೋದು!"

೨. ಜಿಗಣೆ

ನಾನೂ ಪುಸ್ತಕದಲ್ಲಿದ್ದ ಹಾಗೇ ಬೋರ್ಡಿನ ಮೇಲೆ ಬರೆದೆ. ಹೊರಗೆ ಮಳೆ, ಒಳಗೆ ಹಸಿ ಬಳಪದ ವಾಸನೆ. ಈಗಲೂ ಮೂಗಿನಲ್ಲಿದೆ ಅದು. ಹಿಂದಿನ ಬೆಂಚಿನ ಹುಡುಗಿ ಕಾಲಿನ ಜಿಗಣೆ ಕಿತ್ತೆಸೆದು ಎದ್ದು ನಿಂತಳು.

"ಸಾರ್, ಒಂದು ಜಿಗಣೆ ಕಚ್ಚಿದ್ರೆ ರಕ್ತ ಮೈನಸ್ಸು ಅಲ್ವಾ?"

"ಹೌದಮ್ಮ."

"ಇನ್ನೊಂದೂ ಕಚ್ಚಿದ್ರೆ ರಕ್ತ ವಾಪಸ್ಸು ಬರುತ್ತಾ?"

ಅವಳು ಮಾಡಿದ್ದು ಕೂಡುವ ಲೆಕ್ಕ, ನಾನು ಹೇಳಿದ್ದು ಗುಣಿಸುವ ಲೆಕ್ಕ. ಆದರೆ ಅದು ಹೊಳೆದದ್ದು ಮನೆಗೆ ಹೋದ ಮೇಲೆ. ಆವತ್ತು ಶಾಲೆಗೆ ಅರ್ಧ ಗಂಟೆ ಮೊದಲೇ ಬೆಲ್ ಹೊಡೆಯಿತು. ಹೊಡೆದವನು ನಾನೇ.

೩. ಗುರು ಸಿಕ್ಕಿದ್ದು

ಶಾಲೆಯ ಹಿಂದಿನ ಇಳಿಜಾರಿನಲ್ಲಿ ಎಸ್ಟೇಟಿನ ಕಾಫಿ ಒಣಗಿಸುವ ಕಣ. ಕೊಯ್ಲಿಗೆ ಮೊದಲು ಅದಕ್ಕೆ ಸಗಣಿ ಸಾರಿಸುತ್ತಿದ್ದರು. ಒಬ್ಬ ಹೆಂಗಸು ತಗ್ಗಿನ ಕಡೆ ಮುಖ ಮಾಡಿ, ಬಗ್ಗಿ ಸಾರಿಸುತ್ತಾ, ಹಿಂದಕ್ಕೆ ಹೆಜ್ಜೆಯಿಡುತ್ತಾ ಮೇಲಕ್ಕೆ ಹೋಗುತ್ತಿದ್ದಳು.

"ಇದೇನಮ್ಮಾ, ಕೆಳಗೆ ನೋಡ್ಕೊಂಡು ಮೇಲೆ ಹೋಗ್ತಿದ್ದೀಯ?"

"ಮತ್ತಿನ್ನೇನು ಮೇಷ್ಟ್ರೇ, ಸಾರಿಸಿದ್ದನ್ನೇ ತುಳ್ಕೊಂಡು ಹೋಗೋದಾ?"

ನಿಂತಲ್ಲೇ ಕುಣಿದುಬಿಟ್ಟೆ! ಮುಖ ಕೆಳಗೆ, ಅದೊಂದು ಮೈನಸ್ಸು. ಹೆಜ್ಜೆ ಹಿಂದಕ್ಕೆ, ಅದಿನ್ನೊಂದು. ಆದರೆ ಹೋಗಿ ಸೇರುವುದು ಮೇಲಕ್ಕೆ: ಪ್ಲಸ್ಸು! ಅವಳು ಮಾತ್ರ ಸಗಣಿ ಬುಟ್ಟಿಯನ್ನು ನನ್ನಿಂದ ಸ್ವಲ್ಪ ದೂರ ಎಳೆದುಕೊಂಡಳು.

೪. ಪರೀಕ್ಷೆ

ಕಣ ಸಾರಿಸುವುದು ಮುಗಿಯುವ ಮೊದಲೇ ಇನ್‌ಸ್ಪೆಕ್ಟರು ಬಂದರು. ಜರಿ ರುಮಾಲು, ಬಿಳಿ ಕಚ್ಚೆಪಂಚೆ. ಅದೇ ಪ್ರಶ್ನೆ. ನಾನು ತರಗತಿಯನ್ನೇ ಕಣದ ಕೆಳಗಿನ ದಾರಿಗೆ ಇಳಿಸಿದೆ. ಮಕ್ಕಳು ತಗ್ಗಿಗೆ ಮುಖ ಮಾಡಿ, ಮೂರು ಮೂರು ಹೆಜ್ಜೆಯಂತೆ ಎರಡು ಸಲ ಹಿಂದೆ ನಡೆದು, ಆರು ಹೆಜ್ಜೆ ಮೇಲಕ್ಕೆ ಬಂದು ನಿಂತರು.

"ಇದು ಬಾಯಿಪಾಠ," ಅಂದರು ಇನ್‌ಸ್ಪೆಕ್ಟರು. "ಮೈನಸ್ ನಾಲ್ಕು ಇಂಟು ಮೈನಸ್ ಐದು. ನಾನೇ ನಡೀತೀನಿ."

ತಗ್ಗಿಗೆ ಮುಖ ಮಾಡಿ ಹಿಂದಕ್ಕೆ ನಡೆದರು. ಮಕ್ಕಳು ಎಣಿಸಿದರು. ಹನ್ನೆರಡಕ್ಕೆ ಕಣದ ಅಂಚು ಹತ್ತಿದರು. ಮೇಲಿನಿಂದ ಆ ಹೆಂಗಸು ಕೂಗಿಕೊಂಡಳು: "ಅಯ್ಯಾ, ಹಸಿ! ಹಸಿ ಇದೆ!"

ಹೆಡ್‌ಮೇಷ್ಟ್ರು ನನ್ನ ತೋಳು ಚಿವುಟಿದರು. "ನಿಲ್ಲಿಸ್ರೀ ಮಾರಾಯ್ರೆ!"

"ಹದಿಮೂರಕ್ಕೆ ನಿಲ್ಲಿಸಿದ್ರೆ ಉತ್ತರ ತಪ್ಪಾಗುತ್ತಲ್ಲ ಸಾರ್!"

ಹತ್ತೊಂಬತ್ತನೆಯ ಹೆಜ್ಜೆಗೆ ಕಾಲು ಜಾರಿತು. ಬಿಳಿ ಪಂಚೆ ಸಮೇತ ಸಗಣಿಯಲ್ಲಿ ಪದ್ಮಾಸನ! ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟಿದೆ.

ಅವರು ಕೂತಲ್ಲಿಂದಲೇ ಕೇಳಿದರು: "ಎಷ್ಟಾಯ್ತು?"

"ಹತ್ತೊಂಬತ್ತು ಸಾರ್!"

ಎರಡೂ ಕೈ ಊರಿ, ಕೂತಂತೆಯೇ ಒಂದು ಹೆಜ್ಜೆಯಷ್ಟು ಹಿಂದಕ್ಕೆ ಸರಿದರು. "ಇಪ್ಪತ್ತು. ಸರಿ ಇದೆ."

ಸಂಜೆ ಹೆಡ್‌ಮೇಷ್ಟ್ರ ಪಂಚೆ ಉಟ್ಟುಕೊಂಡು ಶಾಲೆಯ ತಪಾಸಣೆ ಪುಸ್ತಕದಲ್ಲಿ ಬರೆದರು: "ಮೇಷ್ಟ್ರನ್ನು ಖಾಯಂ ಮಾಡಬಹುದು. ಆದರೆ ಈ ಪಾಠವನ್ನು ಕಣ ಒಣಗಿದ ಮೇಲೆ ಮಾಡತಕ್ಕದ್ದು."

ಇದರಲ್ಲಿ ನಿಜ ಎಷ್ಟು ಅಂತ ಕೇಳಬೇಡಿ, ಸಗಣಿಯಂತೂ ನಿಜ. ಇಷ್ಟು ಹೊತ್ತು ಕತೆ ಹೇಳಿದ್ದಕ್ಕೆ ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ ಮಾರಾಯ್ರೆ. ಕಾಫಿ ಸೀಮೆಯವನು ಚಹಾ ಕುಡಿದ ಅಂತ ಊರಲ್ಲಿ ಮಾತ್ರ ಹೇಳಬೇಡಿ.