ಮೇಲ್ಮನೆಯ ಮೀನು, ಕೆಳಮನೆಯ ಬದನೆಕಾಯಿ

ಒಂದು ಭಾನುವಾರ ಹೆಂಡತಿಗೆ ಅಡುಗೆಮನೆಯಿಂದ ರಜೆ ಮಂಜೂರು ಮಾಡಬೇಕೆಂಬ ಘನ ನಿರ್ಧಾರವನ್ನು ನಾನು ಚಹಾ ಕುಡಿಯುತ್ತಲೇ ಕೈಗೊಂಡೆ. ಮೊಬೈಲಿನಲ್ಲಿ ಯಾರೋ ಒಬ್ಬಾಕೆ ನಗುನಗುತ್ತಾ ‘ರಜಾದಿನದ ನಿರಾಳ ಮೀನೂಟ, ಜೊತೆಗೆ ತರಕಾರಿ’ ಮಾಡಿ ತೋರಿಸಿದ್ದಳು. ಅವಳ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಅವಳೇ ಮಾಡುತ್ತಾಳೆಂದರೆ ಮಲಪ್ರಭೆಯ ದಂಡೆಯಲ್ಲಿ ಹುಟ್ಟಿ ಬೆಳೆದ ನಾನು ಮಾಡಲಾರೆನೇ!

“ರೇಣುಕಾ, ಇವತ್ತ ನೀ ಕಾಲು ಚಾಚಿ ಟಿವಿ ನೋಡು. ಅಡಿಗಿ ನಾ ಮಾಡ್ತೇನಿ. ಮೀನ!”

ಅವಳು ಟಿವಿ ನೋಡಲಿಲ್ಲ, ಕಿಟಕಿ ನೋಡಿದಳು. “ಮೆಲ್ಲಕ ಮಾತಾಡ್ರಿ. ಕೆಳಗ ಮಾಸ್ತರ್ ಅದಾರ.”

ಇಳಕಲ್ಲಿನಲ್ಲಿ ಇಂಥ ಬಾಡಿಗೆ ಮನೆ ಸಿಕ್ಕಿದ್ದು ನಮ್ಮ ಪುಣ್ಯ. ನಲ್ಲಿಯಲ್ಲಿ ದಿನಾ ನೀರು, ಬೇಕಾದಷ್ಟು ಗಾಳಿ, ಮಗಳ ಶಾಲೆ ಕೂಗಿದರೆ ಕೇಳುವಷ್ಟು ಹತ್ತಿರ. ಕೆಳಗೆ ಮಾಲೀಕರಾದ ನಿವೃತ್ತ ಮಾಸ್ತರರು ಮತ್ತು ಅವರ ಹೆಂಡತಿ, ನಮ್ಮೆಲ್ಲರ ಕಾಕು. ಅವರ ಕರಾರು ಒಂದೇ: ಮನೆಯಲ್ಲಿ ಮೀನು, ಮಾಂಸ ಬೇಯಬಾರದು. ಅಂದು ನಾನು “ಛೇ ಛೇ!” ಎಂದು ಕಿವಿ ಮುಟ್ಟಿಕೊಂಡಿದ್ದೆ. ಆಮೇಲೆ ಎಂದಾದರೊಮ್ಮೆ ರೇಣುಕಾ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ, ಸದ್ದಿಲ್ಲದೆ ಮೀನು ಮಾಡಿ ಮುಗಿಸುತ್ತಿದ್ದಳು.

“ಈ ಮನಿ ಹೋದ್ರ ಇಂಥಾದ್ದು ಮತ್ತ ಸಿಗಂಗಿಲ್ಲ ನೋಡ್ರಿ,” ಎಂದು ಎಚ್ಚರಿಸಿದಳು. “ಮತ್ತ ಕಾಕು ಹೋಳಿಗಿ ಕಳಿಸಿದ ಡಬ್ಬಿ ಇಲ್ಲೇ ಐತಿ. ಖಾಲಿ ಕೊಡಬಾರದು. ಬದನಿಕಾಯಿ ಪಲ್ಯಾನೂ ಮಾಡಿ ತುಂಬಿ ಕೊಡ್ರಿ.”

ಬಾಗಲಕೋಟೆಯ ಹಿನ್ನೀರಿನ ಮೀನು ಬಂತು. ಒಲೆಯ ಮೇಲೆ ಎರಡು ಬೋಗಾಣಿ ಏರಿದವು. ಗುರೆಳ್ಳು, ಶೇಂಗಾ, ಕೆಂಪು ಖಾರ, ಹುಣಸೆಹುಳಿ ಸೇರಿಸಿ ಒಂದೇ ಮಸಾಲೆ ರುಬ್ಬಿ ಎರಡಕ್ಕೂ ಸುರಿದೆ. ಶ್ರಮದ ಉಳಿತಾಯ! ‘ಜೊತೆಗೆ ತರಕಾರಿ’ ಎಂಬ ಆದೇಶ ನೆನಪಾಗಿ ಮೀನಿನ ಬೋಗಾಣಿಗೂ ನಾಲ್ಕು ಬದನೆಕಾಯಿ ಹಾಕಿದೆ. ಬದನೆಕಾಯಿ ಬೇಯುವ ತನಕ ಮೀನೂ ಬೇಯಲೇಬೇಕಲ್ಲ? ತಳ ಹಿಡಿಯದಂತೆ ಸೌಟು ಹಾಕಿ ತಿರುವಿದ್ದೇ ತಿರುವಿದ್ದು! ಬೆವರು ಕಾಲಿನ ತನಕ ಇಳಿಯಿತು. ನಿರಾಳ ಮಾತ್ರ ಎಲ್ಲೂ ಕಾಣಲಿಲ್ಲ.

ಪಲ್ಯವನ್ನು ಡಬ್ಬಿಗೆ ತುಂಬಿ ಕೆಳಗೆ ಕೊಟ್ಟು ಬಂದೆ. ಕಾಕು “ಭಾಳ ಛಲೋ ಆತು ನೋಡಪಾ, ಇವತ್ತ ಬೀಗರು ಬಂದಾರ,” ಎಂದು ಹಿಗ್ಗಿದರು.

ಮೇಲೆ ಬಂದು ರೇಣುಕಾಳನ್ನು ತಾಟಿನ ಮುಂದೆ ಕೂರಿಸಿ, ಮಹಾರಾಜನ ಗತ್ತಿನಲ್ಲಿ ಮೀನಿನ ಬೋಗಾಣಿಯ ಮುಚ್ಚಳ ತೆಗೆದೆ. ಸೌಟು ಹಾಕಿದೆ. ಬದನೆಕಾಯಿ ಬಂತು. ಮತ್ತೆ ಹಾಕಿದೆ. ಮತ್ತೆ ಬದನೆಕಾಯಿ!

“ಮೀನ ಎಲ್ರೀ?” ಎಂದಳು ಹೆಂಡತಿ.

ನನ್ನ ಜೀವ ಝಲ್ಲೆಂದಿತು. ಇದು ಪಲ್ಯದ ಬೋಗಾಣಿ! ಹಾಗಾದರೆ ಡಬ್ಬಿಯಲ್ಲಿ ಹೋದದ್ದು? ಹುಟ್ಟಿದಾಗಿನಿಂದ ಮೀನು ಮುಟ್ಟದ ಮಾಸ್ತರರು! ರೇಣುಕಾ “ನಿಂದರ್ರಿ, ನೋಡೂಣು!” ಎನ್ನುವಷ್ಟರಲ್ಲಿ ನಾನು ಅರ್ಧ ಮೆಟ್ಟಿಲು ಇಳಿದಿದ್ದೆ.

ಪಡಸಾಲೆಯಲ್ಲಿ ಗುಡೂರಿನ ಬೀಗರು ಸಾಲಾಗಿ ಊಟಕ್ಕೆ ಕುಳಿತಿದ್ದರು. ಮಾಸ್ತರರ ಮೊದಲ ತುತ್ತು ಬಾಯಿಯ ಹತ್ತಿರ ಬಂದಿತ್ತು.

“ಮಾಸ್ತರ್ರ, ತಿನಬ್ಯಾಡ್ರಿ! ಅದು ಮೀನೈತಿ!”

ಎಲ್ಲರ ಕೈ ನಿಂತವು. ಕಾಕು ಮಾತ್ರ ಗಾಬರಿಯಾಗದೆ ತಾಟಿನ ಹೋಳೊಂದನ್ನು ಬಿಡಿಸಿ ನೋಡಿದರು.

“ಮೀನಿಗೆ ತೊಟ್ಟ ಇರ್ತೈತೇನೋ ತಮ್ಮಾ? ಇದು ಬದನಿಕಾಯಿನ ಐತಿ.”

ಹೋದ ಜೀವ ಬಂತು. “ಹೌದಲ್ರಿ, ಬದನಿಕಾಯಿ!” ಎಂದು ನಗಲು ನೋಡಿದೆ. ಅಷ್ಟರಲ್ಲಿ ರೇಣುಕಾ ಸೌಟು ಹಿಡಿದು ಓಡಿಬಂದಳು.

“ರೀ, ಮೀನ ಎಲ್ಲೂ ಹೋಗಿಲ್ರಿ! ನಮ್ಮ ಬೋಗಾಣ್ಯಾಗ ಕರಗೇತಿ. ತಳದಾಗ ಬರೀ ಎಲುಬ...”

ಬೀಗರ ಸಾಲು ಕಂಡು ಮಾತು ನುಂಗಿದಳು. ಆದರೆ ಸೌಟಿನಲ್ಲಿದ್ದ ಎಲುಬನ್ನು ನುಂಗಲು ಬರುವಂತಿರಲಿಲ್ಲ. ಹಿರಿಯ ಬೀಗರು ಮಾಸ್ತರರತ್ತ ತಿರುಗಿ, “ಏನ್ರಿ, ನಿಮ್ಮ ಮ್ಯಾಲಿನ ಮನ್ಯಾಗ ಇದೆಲ್ಲಾ ನಡಿತೈತೇನು?” ಎಂದು ಭಾರಿ ಮರ್ಯಾದೆಯಿಂದ ಕೇಳಿದರು.

ಬೀಗರು ಹೋದ ಮೇಲೆ ಮಾಸ್ತರರು ನನ್ನನ್ನು ಕರೆದರು. ಸಿಟ್ಟಿಗಿಂತ ಬೇಜಾರೇ ಹೆಚ್ಚಿತ್ತು.

“ತಮ್ಮಾ, ನೀವು ಕಟ್ಟುಗಟ್ಟಲೆ ಊದಿನಕಡ್ಡಿ ಹಚ್ಚಿದ ದಿನ ನಮಗ ಗೊತ್ತಾಗ್ತಿತ್ತು. ದೇವರು ನಮಗೂ ಮೂಗು ಕೊಟ್ಟಾನ. ಗೊತ್ತಿಲ್ಲದಂಗ ಇದ್ವಿ.”

“ಹಂಗ ಇದ್ದುಬಿಡ್ರಿ ಮಾಸ್ತರ್ರ!” ಎಂದು ಕೈಮುಗಿದೆ.

“ಹೆಂಗ ಇರೂದು? ಬೀಗರ ಮುಂದ ನೀನ ಹೇಳಿಬಿಟ್ಟಿ. ಇನ್ನ ನಾ ಗೊತ್ತಿಲ್ಲ ಅಂದ್ರ ಅದು ಸುಳ್ಳಾಗ್ತೈತಿ. ಮಾಸ್ತರಕಿ ಮಾಡಿದಂವಾ, ಸುಳ್ಳ ಹೇಳಂಗಿಲ್ಲ.”

ಇಷ್ಟು ವರ್ಷ ಅವರ ಸತ್ಯಸಂಧತೆಯನ್ನು ನನ್ನ ಮುಚ್ಚಿದ ಬಾಯಿ ಕಾಪಾಡಿತ್ತು, ಅದನ್ನು ತೆರೆದು ನಾನೇ ಕೆಡಿಸಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಬರುತ್ತಿರಲಿಲ್ಲ. ಮರುದಿನ ಕಾಕು ತಮ್ಮ ಅದೇ ಡಬ್ಬಿಯನ್ನು ಮತ್ತೆ ಮೇಲೆ ತಂದುಕೊಟ್ಟರು. ಖಾಲಿ ಕೊಡಬಾರದಲ್ಲ, ಅದಕ್ಕೇ ಸಕ್ಕರೆ ತುಂಬಿದ್ದರು. “ಬ್ಯಾರೆ ಮನಿ ನೋಡ್ಕೊರಿ,” ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು. ರೇಣುಕಾ ಅತ್ತೇಬಿಟ್ಟಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಊರೆಲ್ಲ ಅಲೆದು, ಕೊನೆಗೆ ಹುನಗುಂದದ ರಸ್ತೆಯಲ್ಲಿ ಒಂದು ಮನೆ ನೋಡಿದೆವು. ಶಾಲೆ ದೂರ, ನೀರು ವಾರಕ್ಕೊಮ್ಮೆ. ಈ ಸಲ ಖರೆ ಹೇಳಿಯೇ ಸೇರಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ.

“ನಾವು ಮೀನ ತಿಂತೇವ್ರಿ.”

ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಮಾಸ್ತರ್ರ ಮ್ಯಾಲಿನ ಮನ್ಯಾಗ ಮೀನ ಕರಗಿಸಿದವ್ರು ನೀವ ಏನ್ರಿ?”

ಸುದ್ದಿ ನನಗಿಂತ ಮೊದಲು ಬಂದು ಮನೆ ಹೊಕ್ಕಿತ್ತು. ನಾನು ತಲೆ ತಗ್ಗಿಸಿದೆ.

“ತಿನ್ರಿ, ಅದಕ್ಕೇನಾತು? ನಾವೂ ತಿಂತೇವಿ,” ಎಂದು ಅವನು ನನ್ನನ್ನು ಬಿಟ್ಟು ರೇಣುಕಾಳ ಕಡೆ ತಿರುಗಿದ. “ನಮ್ಮ ಕರಾರು ಒಂದ ಐತಿ ನೋಡ್ರಿ ಅಕ್ಕಾರ. ಅಡಿಗಿ ಇವರು ಮಾಡಬಾರದು.”

ಮನೆಯ ಒಳಗೂ ನೋಡದೆ ನನ್ನ ಹೆಂಡತಿ ಒಪ್ಪಿಬಿಟ್ಟಳು!